ಹೊತ್ತುಕೊಂಡು ಬಂದ ನಷ್ಟ

ಇಪ್ಪತ್ತೈದು ವರ್ಷ ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಹೇಳಿಕೊಟ್ಟವಳು ನಾನು. ಆದರೆ ನಷ್ಟವನ್ನು ಎಷ್ಟು ಕಾಲ ಹೊರಬೇಕೆಂದು ಯೋಚಿಸುವಂತೆ ಮಾಡಿದ್ದು ಆದಾಯ ತೆರಿಗೆ.

ನನ್ನ ಹೆಸರಿನಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೆವು. 2019ರ ಆಗಸ್ಟ್‌ನಲ್ಲಿ ರಿಟರ್ನ್ ತುಂಬಿಸಲು ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಹೋದೆ. ಹಿಂದಿನ ವರ್ಷದ ಬಾಡಿಗೆ 1,44,000 ರೂಪಾಯಿ. ಮನೆ ಕಂದಾಯ 4,000 ಕಳೆದು, ಉಳಿದುದರಲ್ಲಿ ಶೇಕಡಾ 30ನ್ನು ಕಾನೂನಿನಂತೆ ಬಿಟ್ಟರೆ 98,000. ಬ್ಯಾಂಕಿನ ಬಡ್ಡಿಯೋ 3,48,000! ಎರಡೂವರೆ ಲಕ್ಷ ನಷ್ಟ.

"ಎರಡು ಲಕ್ಷವನ್ನು ನಿಮ್ಮ ಸಂಬಳದಲ್ಲಿ ಕಳೆಯಬಹುದು ಮೇಡಂ. 2017ರ ಬಜೆಟ್ಟಿನಿಂದ ಅಷ್ಟಕ್ಕೇ ಮಿತಿ. ಉಳಿದ ಐವತ್ತು ಸಾವಿರವನ್ನು ಮುಂದಿನ ಎಂಟು ವರ್ಷ ಒಯ್ಯಬಹುದು. ಆದರೆ ಆಗ ಮನೆಯ ಆದಾಯದಲ್ಲೇ ಕಳೆಯಬೇಕು, ಸಂಬಳದಲ್ಲಲ್ಲ."

"ಎಂಟು ವರ್ಷದಲ್ಲಿ ತೀರದಿದ್ದರೆ?"

"ಬಿಟ್ಟುಬಿಡಬೇಕು."

"ನಷ್ಟವಾದದ್ದು ನಿಜವಲ್ಲವೇನಪ್ಪಾ?"

"ನಿಜವೇ ಮೇಡಂ. ಆದರೆ ಮುಂದೆ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ."

(2020ರಲ್ಲಿ ಬಂದ ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಸಂಬಳದಲ್ಲಿ ಕಳೆಯುವ ಸೌಲಭ್ಯವೂ ಇಲ್ಲ.)

ಅಂದು ಸಂಜೆ ಸೊಸೆ ಹಿಂಜರಿಯುತ್ತಾ ಕೇಳಿದಳು. "ಅತ್ತೆ, ಅಮ್ಮನಿಗೆ ಹುಷಾರಿಲ್ಲವಂತೆ. ನಾಲ್ಕು ದಿನ ಹೋಗಿಬರಲಾ?"

"ಗೌರಿಹಬ್ಬ ಮುಗಿಯಲಿ, ಆಮೇಲೆ ನೋಡೋಣ" ಎಂದೆ. ಎಂದ ಕೂಡಲೇ ಬೆಚ್ಚಿದೆ. ಅದು ನನ್ನ ಮಾತಲ್ಲ. 1991ರಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದಾಗ ನನ್ನ ಅತ್ತೆ ಆಡಿದ ಮಾತು, ಒಂದಕ್ಷರ ಬದಲಾಗದೆ. ಹಬ್ಬ ಮುಗಿಸಿ ಊರು ತಲುಪುವಷ್ಟರಲ್ಲಿ ಅಪ್ಪನಿಗೆ ನನ್ನ ಗುರುತು ಸಿಗಲಿಲ್ಲ.

ಆ ನಷ್ಟವನ್ನು ಇಪ್ಪತ್ತೆಂಟು ವರ್ಷ ಹೊತ್ತಿದ್ದೆ. ಹೊತ್ತದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. "ಹಳೆಯದನ್ನೆಲ್ಲ ಮರೆತುಬಿಡು" ಎನ್ನುವವರು ಆ ದಿನ ಅಪ್ಪನ ಮಂಚದ ಪಕ್ಕ ನಿಂತವರಲ್ಲ. ಎಂಟು ವರ್ಷದ ಗಡುವು ಸರ್ಕಾರದ ಅನುಕೂಲಕ್ಕೆ, ಮನಸ್ಸಿಗೆ ಅಂಥ ಗಡುವು ಹಾಕಲಾದೀತೇ? ಆದರೆ ಆ ನಿಯಮದ ಇನ್ನರ್ಧ ನನ್ನನ್ನು ಚುಚ್ಚಿತು: ಒಯ್ದ ನಷ್ಟವನ್ನು ಎಲ್ಲಿಂದ ಬಂತೋ ಅಲ್ಲಿಯೇ ಕಳೆಯಬೇಕು. ಅತ್ತೆಯವರು ತೀರಿಕೊಂಡಿದ್ದರು. ಅವರಿಂದ ಬರಬೇಕಾದ್ದು ಇನ್ನು ಬಾರದು. ಹಾಗೆಂದು ಅದನ್ನು ಏನೂ ಅರಿಯದ ಈ ಹುಡುಗಿಯ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ಬಹುಶಃ ನನ್ನ ಅತ್ತೆಯೂ ತಮ್ಮ ಅತ್ತೆಯ ಬಾಕಿಯನ್ನೇ ನನ್ನಲ್ಲಿ ವಸೂಲು ಮಾಡಿದ್ದರೇನೋ. ನಮ್ಮ ಮನೆಗಳಲ್ಲಿ ಸಂಪ್ರದಾಯವೆಂಬ ಹೆಸರಿನಲ್ಲಿ ಎಷ್ಟು ಹಳೆಯ ಬಾಕಿಗಳು ಹೀಗೆ ಕೈಬದಲಾಗಿ ಬಂದಿವೆಯೋ, ನೀವೇ ಯೋಚಿಸಿ.

ಅತ್ತೆಯನ್ನು ಪೂರ್ತಿ ಕ್ಷಮಿಸಿದ್ದೇನೆಂದು ಹೇಳಿದರೆ ಸುಳ್ಳಾದೀತು. ಆದರೆ ಕ್ಷಮಿಸಲಾಗದಿದ್ದರೂ ವಸೂಲಿ ನಿಲ್ಲಿಸಬಹುದು. ಅಷ್ಟು ನಮ್ಮ ಕೈಯಲ್ಲಿದೆ.

ಅಡಿಗೆಮನೆಗೆ ಹೋಗಿ ಸೊಸೆಗೆ ಹೇಳಿದೆ: "ನಾಳೆ ಬೆಳಗಿನ ಬಸ್ಸಿಗೇ ಹೊರಡು. ಈ ಸಲದ ಹಬ್ಬ ನಾನು ನೋಡಿಕೊಳ್ಳುತ್ತೇನೆ." ಅವಳು ನಂಬಲಾಗದೆ ನನ್ನ ಮುಖ ನೋಡಿದಳು. ಆ ನೋಟ ಕಂಡಾಗ, ಅದುವರೆಗೆ ಅವಳಿಂದ ನಾನು ಎಷ್ಟು ವಸೂಲು ಮಾಡಿದ್ದೆನೆಂದು ತಿಳಿಯಿತು.