ನೋವು ಉಂಡವನ ನ್ಯಾಯ

ನೋವು ಉಂಡವನು ತಾನಾಗಿಯೇ ನ್ಯಾಯವಂತನಾಗ್ತಾನೆ ಅನ್ನೋ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ನನಗೂ ಇತ್ತು. ಅದಕ್ಕೆ ಪೆಟ್ಟು ಕೊಟ್ಟಿದ್ದು ಒಂದು ಚಿತ್ರಕಾದಂಬರಿಯ ಎರಡನೇ ಭಾಗ.

ಅಮೆರಿಕದ ಆರ್ಟ್ ಸ್ಪೀಗಲ್‌ಮನ್ ತನ್ನ ಅಪ್ಪ ವ್ಲಾದೆಕ್‌ನ ಕತೆಯನ್ನು 'ಮೌಸ್' ಎಂದು ಬರೆದ. ಅಲ್ಲಿ ಯಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು. 1986ರ ಮೊದಲ ಭಾಗದಲ್ಲಿ ಪೋಲೆಂಡಿನ ಯಹೂದಿ ಸಂಸಾರವೊಂದು ಕಾರ್ಖಾನೆ, ಮನೆ, ಮಗು ಎಲ್ಲವನ್ನೂ ಕಳೆದುಕೊಂಡು ಆಶ್ವಿಟ್ಸ್ ಸಾವಿನ ಶಿಬಿರದ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಪ್ಪನ ಜಿಪುಣತನ, ಮಗನ ಸಿಟ್ಟು ಅಲ್ಲೂ ಇವೆ. ಆದರೂ ಬೆಕ್ಕನ್ನು ದ್ವೇಷಿಸಿ ಇಲಿಗಾಗಿ ಅತ್ತರೆ ಓದುಗನ ಕೆಲಸ ಮುಗೀತು.

1991ರ ಎರಡನೇ ಭಾಗ ಈ ಅನುಕೂಲವನ್ನೇ ಕಿತ್ತುಕೊಳ್ಳುತ್ತದೆ. ಶಿಬಿರದ ಹಸಿವು, ಹೆಣ ಸುಡುವ ಒಲೆ ಎಲ್ಲವನ್ನೂ ಕಂಡು ಬದುಕಿ ಬಂದ ವ್ಲಾದೆಕ್ ಈಗ ಅಮೆರಿಕದ ಮುದುಕ. ಒಂದು ದಿನ ಸೊಸೆ ಫ್ರಾನ್ಸ್ವಾಜ್, ದಾರಿಯಲ್ಲಿ ಕೈ ತೋರಿದ ಕಪ್ಪು ಮನುಷ್ಯನೊಬ್ಬನನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾಳೆ. ಮುದುಕ ಉರಿದುಬೀಳ್ತಾನೆ. ಹಿಂದಿನ ಸೀಟಿನ ದಿನಸಿ ಕದ್ದುಬಿಟ್ಟಾನು ಅಂತ ಕಾಯ್ತಾ ಕೂರ್ತಾನೆ. ನಾಜಿಗಳು ಯಹೂದಿಗಳ ಬಗ್ಗೆ ಆಡಿದ ಮಾತನ್ನೇ ಈತ ಕಪ್ಪು ಜನರ ಬಗ್ಗೆ ಆಡ್ತಾನೆ ಅಂತ ಸೊಸೆ ಮುಖಕ್ಕೇ ಹೇಳ್ತಾಳೆ. ಅವರನ್ನು ಯಹೂದಿಗಳಿಗೆ ಹೋಲಿಸೋದೇ ತಪ್ಪು ಅನ್ನೋದು ಮುದುಕನ ಉತ್ತರ.

ಮಗ ತನ್ನನ್ನೂ ಬಿಡೋದಿಲ್ಲ. ಮೊದಲ ಭಾಗ ಗೆದ್ದಿದೆ, ಸಿನಿಮಾ ಮಾಡ್ತೀವಿ ಅಂತ ಜನ ಬರ್ತಿದ್ದಾರೆ. ಇಲಿಯ ಮುಖವಾಡ ಕಟ್ಟಿಕೊಂಡು ಮೇಜಿನ ಮುಂದೆ ಕೂತವನ ಕಾಲ ಕೆಳಗೆ ಹೆಣಗಳ ರಾಶಿ, ತಲೆಯ ಸುತ್ತ ನೊಣ. ಸತ್ತವರ ಮೇಲೆ ಕೂತು ಹೆಸರು ಮಾಡ್ತಿದ್ದೀನಾ?

ಈ ಪುಟ ನೋಡಿ ನಾನು ಬೆಚ್ಚಿದೆ. ಅಪ್ಪನ ಕೂಲಿ ಬದುಕಿನ ಬಗ್ಗೆ ಪದ್ಯ ಓದಿ ಚಪ್ಪಾಳೆ ತಗೊಂಡವನು ನಾನೂ. ಅಪ್ಪ ಆ ಸಭೆಯಲ್ಲಿ ಇರಲಿಲ್ಲ, ಅವತ್ತೂ ಕೂಲಿಗೆ ಹೋಗಿದ್ದ. ನಮ್ಮ ಕೇರಿಯವರೂ 'ನಮಗಿಂತ ಕೆಳಗಿನವರು' ಅಂತ ಕೆಲವರನ್ನು ದೂರ ಇಟ್ಟಿದ್ದೀವಲ್ಲ, ಅದನ್ನು ನಾನಿನ್ನೂ ಬರೆದಿಲ್ಲ.

ಹಾಗಂತ ವ್ಲಾದೆಕ್‌ನ ಸಣ್ಣತನ ಕೊಂದವರ ಅಪರಾಧವನ್ನು ಸಾಸಿವೆಯಷ್ಟೂ ಇಳಿಸೋದಿಲ್ಲ. ಅವನು ಒಳ್ಳೆಯವನಾಗಿದ್ದ ಅಂತಲ್ಲ, ಮನುಷ್ಯನಾಗಿದ್ದ ಅಂತಲೇ ಆಶ್ವಿಟ್ಸ್ ಅನ್ಯಾಯ. ನ್ಯಾಯ ಕೇಳೋಕೆ ಯಾರೂ ಸಂತರಾಗಬೇಕಿಲ್ಲ, ಗೆಳೆಯರೇ. ಆದರೆ ಕೇಳಿದ ನ್ಯಾಯವನ್ನು ಇನ್ನೊಬ್ಬರಿಗೆ ಕೊಡೋದನ್ನ ನೋವು ಕಲಿಸೋದಿಲ್ಲ. ಅದನ್ನು ನಾವೇ ಕಲೀಬೇಕು.