ಒಣಗಿದ ಎಲುಬುಗಳು ಎದ್ದು ನಿಲ್ಲುವುದಾದರೆ ಅಸ್ಥಿ ವಿಸರ್ಜನೆ ಏಕೆ?

ಪ್ರಶ್ನೆ: ನಮ್ಮ ಪಕ್ಕದ ಮನೆಯ ಕ್ರೈಸ್ತ ಹಿರಿಯರು ತೀರಿಕೊಂಡರು. ತಂದೆಯವರಿಗೆ ಮೂವತ್ತು ವರ್ಷದ ಗೆಳೆಯರು. ಮಣ್ಣಿಗೆ ಹೋಗಿದ್ದೆ, ಒಂದು ಹಿಡಿ ಮಣ್ಣೂ ಹಾಕಿದೆ. ಅಲ್ಲಿ ಪಾದ್ರಿಗಳು ಬೈಬಲ್ಲಿನಿಂದ ಒಣಗಿದ ಎಲುಬುಗಳಿಗೆ ಜೀವ ಬಂದ ಪ್ರಸಂಗ ಓದಿದರು. ನನ್ನ ತಂದೆ ಹೋಗಿ ಎಂಟು ತಿಂಗಳಾಯಿತು. ತಮ್ಮ ವಿದೇಶದಲ್ಲಿದ್ದಾನೆ, ಬರುತ್ತೇನೆ ಅಂತ ಹೇಳುತ್ತಲೇ ಇದ್ದಾನೆ. ಅಸ್ಥಿಯ ಕುಡಿಕೆ ಇನ್ನೂ ಹಿತ್ತಿಲ ಮರದಲ್ಲಿದೆ. ನಿಜ ಹೇಳಬೇಕೆಂದರೆ ನನಗೂ ಬಿಡಲು ಮನಸ್ಸಿಲ್ಲ. ಅವರು ಎಲುಬನ್ನು ಕಾಯುತ್ತಾರೆ, ನಾವು ನೀರಿಗೆ ಬಿಡುತ್ತೇವೆ. ಯಾವುದು ಸರಿ? ಮಣ್ಣು ಹಾಕಿದ್ದಕ್ಕೆ ಸೂತಕ ಇದೆಯೇ?
— ಓದುಗರೊಬ್ಬರು, ದಾಂಡೇಲಿ

ಉತ್ತರ: ಕೊನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ಸೂತಕ ಬರುವುದು ಸಪಿಂಡರಿಗೆ, ಅಂದರೆ ರಕ್ತಸಂಬಂಧದವರಿಗೆ. ಗೆಳೆಯನ ಶವದ ಹಿಂದೆ ಹೋದವರಿಗೆ ಸ್ನಾನ ಸಾಕು. ಸತ್ತವರ ಮತ ಯಾವುದು ಎಂಬುದು ಇಲ್ಲಿ ಬರುವುದಿಲ್ಲ. ತಂದೆಯ ಗೆಳೆಯನಿಗೆ ನೀವು ಹಾಕಿದ ಮಣ್ಣು ನಿಮ್ಮ ತಂದೆಯ ಪರವಾಗಿಯೂ ಬಿದ್ದಿತು ಅಂದುಕೊಳ್ಳಿ.

ಇನ್ನು ಆ ಎಲುಬುಗಳ ಪ್ರಸಂಗ. ಅದು ಯೆಹೆಜ್ಕೇಲನ ಗ್ರಂಥದ 37ನೆಯ ಅಧ್ಯಾಯ. ಯೆಹೆಜ್ಕೇಲ ಪ್ರವಾದಿ, ಯೆಹೂದ್ಯರವನು, ಬಾಬಿಲೋನಿಗೆ ಸೆರೆಯಾಗಿ ಹೋದವನು. ಕ್ರಿಸ್ತಪೂರ್ವ 586ರ ಸುಮಾರಿಗೆ ಜೆರೂಸಲೇಮ್ ಬಿದ್ದು, ಅವರ ದೇವಾಲಯ ಸುಟ್ಟುಹೋಗಿತ್ತು. ದರ್ಶನದಲ್ಲಿ ಅವನಿಗೆ ಎಲುಬುಗಳೇ ತುಂಬಿದ ಒಂದು ಕಣಿವೆ ಕಾಣುತ್ತದೆ. ಇವು ಬದುಕಬಲ್ಲವೇ ಎಂದು ದೇವರು ಕೇಳುತ್ತಾನೆ. ಪ್ರವಾದಿ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ಅದು ನಿನಗೇ ಗೊತ್ತು ಸ್ವಾಮಿ, ಅನ್ನುತ್ತಾನೆ. ಆಮೇಲೆ ಎಲುಬಿಗೆ ಎಲುಬು ಕೂಡಿ, ನರ, ಮಾಂಸ, ಚರ್ಮ ಬರುತ್ತವೆ. ಆದರೂ ಅವು ಹೆಣಗಳೇ. ನಾಲ್ಕು ದಿಕ್ಕಿನಿಂದ ಗಾಳಿ ಬಂದು ಒಳಹೊಕ್ಕ ಮೇಲೆಯೇ ಎದ್ದು ನಿಲ್ಲುತ್ತವೆ. ಹೀಬ್ರೂವಿನಲ್ಲಿ ಗಾಳಿ, ಉಸಿರು, ಆತ್ಮ ಮೂರಕ್ಕೂ ಅಲ್ಲಿ ಒಂದೇ ಶಬ್ದ. ಪ್ರಾಣವನ್ನು ವಾಯು ಎನ್ನುವ ನಮಗೆ ಇದು ಹೊಸದೇನಲ್ಲ.

ಇದರ ಅರ್ಥವನ್ನು 11ನೆಯ ವಚನವೇ ಹೇಳುತ್ತದೆ. ಆ ಎಲುಬುಗಳೆಂದರೆ ದೇಶ ಕಳೆದುಕೊಂಡ ಇಸ್ರಾಯೇಲ್ ಜನ. ಇನ್ನು ನಮ್ಮ ಕಥೆ ಮುಗಿಯಿತು ಎಂದು ಕೈಚೆಲ್ಲಿದ್ದವರಿಗೆ, ನಿಮ್ಮ ನೆಲಕ್ಕೆ ಮರಳುತ್ತೀರಿ ಎಂಬ ಆಶ್ವಾಸನೆ ಅದು. ಮೊದಲ ಅರ್ಥ ಒಂದು ಸಮುದಾಯದ ಪುನರುತ್ಥಾನ. ಮುಂದಿನ ಕಾಲದ ಯೆಹೂದ್ಯರೂ ಕ್ರೈಸ್ತರೂ ಅದರಲ್ಲಿ ಸತ್ತವರು ಏಳುವ ದಿನವನ್ನೂ ಕಂಡರು. ಕ್ರೈಸ್ತರು ಯೇಸುವಿನ ಪುನರುತ್ಥಾನದ ಬೆಳಕಿನಲ್ಲಿ ಓದಿದರು. ನೀವು ಕೇಳಿದ್ದು ಆ ಎರಡನೆಯ ಅರ್ಥ.

ಮೊದಲ ಅರ್ಥ ತಿಳಿಯಲು ನೀವು ಬಾಬಿಲೋನಿನವರೆಗೆ ಹೋಗಬೇಕಿಲ್ಲ, ಮುಂಡಗೋಡಿಗೆ ಹೋದರೆ ಸಾಕು. 1959ರಲ್ಲಿ ನಾಡು ಬಿಟ್ಟ ಟಿಬೆಟಿಯನ್ನರಿಗೆ 1966ರಲ್ಲಿ ಅಲ್ಲಿ ನೆಲೆ ಸಿಕ್ಕಿತು. ಲಾಸಾ ಸುತ್ತಲಿನ ಗಾಂದೆನ್, ದ್ರೆಪುಂಗ್ ಮಠಗಳು ಮತ್ತೆ ಎದ್ದದ್ದು ನಮ್ಮ ಜಿಲ್ಲೆಯ ಕಾಡಂಚಿನಲ್ಲಿ. ಹಳೆಯ ಗೋಡೆಗಳನ್ನು ಯಾರೂ ಹೊತ್ತು ತಂದಿರಲಿಲ್ಲ. ಪಾಠ, ನಿಯಮ, ಗುರುಪರಂಪರೆ ಬಂದವು. ಉಸಿರು ಬಂತು, ಅದರ ಸುತ್ತ ಮೈ ಬೆಳೆಯಿತು.

ಹಾಗಾದರೆ ಅವರೂ ನಾವೂ ಹೇಳುವುದು ಒಂದೇ ಅಂತ ಮುಗಿಸಿಬಿಡಲೇ? ಹಾಗೆ ತೇಲಿಸಿದರೆ ಅದು ಇಬ್ಬರಿಗೂ ಮಾಡಿದ ಅಗೌರವ. ನಾವು ದೇಹವನ್ನು ಹಳೆಯ ಬಟ್ಟೆ ಅನ್ನುತ್ತೇವೆ, ಜೀವ ಬೇರೆಯದನ್ನು ಉಡುತ್ತದೆ. ಅವರಿಗೆ ಬದುಕು ಒಂದೇ, ಆ ದೇಹವನ್ನೂ ದೇವರು ಮರೆಯುವುದಿಲ್ಲ. ಈ ಭೇದ ನಿಜವಾದದ್ದು. ಆದರೆ ನೀವು ತಿಳಿದಂತೆ ಅದು ಹೂಳುವುದು, ಸುಡುವುದರ ಭೇದ ಅಲ್ಲ. ನಮ್ಮಲ್ಲೂ ಸನ್ಯಾಸಿಗಳಿಗೆ, ಹಸುಗೂಸುಗಳಿಗೆ ಮಣ್ಣೇ. ಜೊಯಿಡಾ ತಾಲ್ಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಗೆ ನೀವೂ ಕೈಮುಗಿದಿರಬಹುದು. ಅತ್ತ ಕ್ಯಾಥೊಲಿಕ್ ಸಭೆ 1963ರಲ್ಲಿ ದಹನಕ್ಕೆ ಒಪ್ಪಿಗೆ ಕೊಟ್ಟಿತು. ಬೂದಿಯಾದ ದೇಹವನ್ನು ಎಬ್ಬಿಸುವುದು ದೇವರಿಗೆ ಕಷ್ಟವೇನಲ್ಲ ಎಂಬುದು ಅವರ ವಾದ. ಇನ್ನೊಂದು ಮಾತು ಕೇಳಿ: 2016ರಲ್ಲಿ ರೋಮಿನಿಂದ ಬಂದ ಸೂಚನೆಯಲ್ಲಿ, ಚಿತಾಭಸ್ಮವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಪವಿತ್ರ ಸ್ಥಳದಲ್ಲಿಡಿ ಎಂದು ಹೇಳಿದೆ. ಪುನರುತ್ಥಾನ ನಂಬುವವರೂ ಎಲುಬನ್ನು ಮನೆಯವರ ಕೈಗೆ ಬಿಡುವುದಿಲ್ಲ, ದೇವರ ಕೈಗೆ ಒಪ್ಪಿಸುತ್ತಾರೆ. ಕಾಯುವವನು ದೇವರು, ಮಗನಲ್ಲ.

ಈಗ ನಿಮ್ಮ ಹಿತ್ತಿಲ ಕುಡಿಕೆಯ ವಿಷಯ. ಎಂಟು ತಿಂಗಳಿಂದ ಅದನ್ನು ಮರದಲ್ಲಿ ಹಿಡಿದಿಟ್ಟಿರುವುದು ತಮ್ಮನ ವಿಮಾನ ಟಿಕೆಟ್ಟೋ ನಿಮ್ಮ ಮನಸ್ಸೋ, ನೀವೇ ಕೇಳಿಕೊಳ್ಳಿ. ಅಸ್ಥಿಯನ್ನು ಹತ್ತು ದಿನದೊಳಗೆ ಬಿಡುವುದು ಉತ್ತಮ ಪಕ್ಷ. ಆಗದಿದ್ದರೆ ಆಮೇಲೂ ವಿಧಿಯುಂಟು, ದೋಷವಾಯಿತೆಂದು ಹೆದರಬೇಡಿ. ಆದರೆ ಇನ್ನು ಕಾಯಬೇಡಿ. ತಮ್ಮನಿಗೆ ಒಂದು ದಿನ ಗೊತ್ತುಮಾಡಿ ಹೇಳಿ. ಬಂದರೆ ಸಂತೋಷ, ಬಾರದಿದ್ದರೆ ಅಲ್ಲಿಯೇ ಸ್ನಾನ ಮಾಡಿ ತಂದೆಯನ್ನು ನೆನೆಯಲಿ. ಗೋಕರ್ಣ ಹತ್ತಿರವೇ ಇದೆ. ಆಗದವರಿಗೆ ಮನೆಬಾಗಿಲಲ್ಲೇ ಕಾಳಿ ನದಿ ಹರಿಯುತ್ತದೆ. ನಿಮ್ಮ ಪುರೋಹಿತರನ್ನು ಕೇಳಿ ತಿಥಿ ನೋಡಿಸಿ.

ಬಿಟ್ಟರೆ ಅಪ್ಪ ಇಲ್ಲವಾಗುತ್ತಾರೆ ಎಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಈಶಾವಾಸ್ಯದ 17ನೆಯ ಮಂತ್ರ ನೋಡಿ. ಉಸಿರು ಗಾಳಿಗೆ ಸೇರಲಿ, ದೇಹ ಬೂದಿಯಲ್ಲಿ ಮುಗಿಯಲಿ ಎಂದು ಅದು ಧೈರ್ಯವಾಗಿ ಹೇಳುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಮಾಡಿದ್ದನ್ನು ನೆನೆ ಎಂದು ಎರಡೆರಡು ಸಲ ಕೇಳುತ್ತದೆ. ಯೆಹೆಜ್ಕೇಲನಿಗೆ ಗಾಳಿ ಎಲುಬಿಗೆ ಬರುವುದು ಕಂಡಿತು, ನಮ್ಮ ಋಷಿಗೆ ಉಸಿರು ಗಾಳಿಗೆ ಹೋಗುವುದು ಕಂಡಿತು. ಇಬ್ಬರೂ ಎಲುಬಿನ ಮೇಲೆ ಭರವಸೆ ಇಡಲಿಲ್ಲ.

ಅಸ್ಥಿ ಹೋದರೂ ತಿಥಿ ಉಳಿಯುತ್ತದೆ. ಪ್ರತಿವರ್ಷ ಶ್ರಾದ್ಧದ ದಿನ, ಮಹಾಲಯದಲ್ಲಿ, ಅಪ್ಪ ಯಾರಿಗೆ ಏನು ಮಾಡಿದರು ಎಂಬುದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ, ಪಿಂಡ ಇಟ್ಟು ಸುಮ್ಮನಾಗಬೇಡಿ. ನವೆಂಬರ್ 2ರಂದು ಪಕ್ಕದ ಮನೆಯವರು ಸಮಾಧಿಗೆ ಹೂವು, ಮೇಣದಬತ್ತಿ ಒಯ್ಯುತ್ತಾರೆ. ಆವತ್ತು ಅವರ ಜೊತೆ ಹೋಗಿಬನ್ನಿ. ಮೂವತ್ತು ವರ್ಷದ ಗೆಳೆತನದ ಮಾತು ಅಲ್ಲಿ ಬಂದೇ ಬರುತ್ತದೆ. ನಿಮ್ಮ ತಂದೆಯ ಹೆಸರೂ ಬರುತ್ತದೆ.