ನೂರು ಗ್ರಾಂ ಲಿಥಿಯಂ

ಗಾಡಿಯ ಬ್ಯಾಟರಿ ಸತ್ತು ಹೋಗಿತ್ತು. ಹೊಸದು ಯಾವುದು ಕೊಳ್ಳಬೇಕು ಎಂಬ ಸಣ್ಣ ಪ್ರಶ್ನೆಯಿಂದ ಈ ಯೋಚನೆಯೆಲ್ಲ ಶುರುವಾಯಿತು.

ಗಾಡಿ ಎಂದರೆ ಅಮೆರಿಕದವರು ಆರ್‌ವಿ ಎಂದು ಕರೆಯುವ ವಾಹನ. ಮಲಗಲು ಹಾಸಿಗೆ, ಪುಟ್ಟ ಅಡುಗೆಕಟ್ಟೆ, ಫ್ರಿಜ್ಜು ಎಲ್ಲ ಇರುವ ಚಕ್ರದ ಮನೆ. ಫೀನಿಕ್ಸ್‌ನಲ್ಲಿರುವ ನಾನೂ ನನ್ನ ಗೆಳೆಯನೂ ಸೇರಿ ಹಳೆಯದೊಂದನ್ನು ಕೊಂಡಿದ್ದೆವು. ಜನವರಿಯಲ್ಲಿ ಎರಡು ವಾರ ಅರಿಜೋನಾದ ಕ್ವಾರ್ಟ್‌ಸೈಟ್ ಊರಿನ ಹೊರಗೆ, ಮರುಭೂಮಿಯಲ್ಲಿ ಇದ್ದು ಬರಬೇಕೆಂಬುದು ನಮ್ಮ ಆಸೆ. ಚಳಿಗಾಲದಲ್ಲಿ ಉತ್ತರದ ಹಿಮದಿಂದ ತಪ್ಪಿಸಿಕೊಂಡ ಸಾವಿರಾರು ಗಾಡಿಗಳು ಅಲ್ಲಿಗೆ ಬರುತ್ತವೆ. ಲಾ ಪೋಸಾ ಎಂಬ ಬಯಲನ್ನು ಸರ್ಕಾರದ ಭೂ ಇಲಾಖೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಹೀಗೆ ಬಹುಕಾಲ ತಂಗುವವರಿಗೆಂದೇ ಬಿಟ್ಟಿದೆ. ನಿಮ್ಮ ಗಾಡಿಗೆ ಅಲ್ಲಿ ವಿದ್ಯುತ್ ಸಂಪರ್ಕ ಸಿಗುವುದಿಲ್ಲ. ಬೇಕಾದಷ್ಟು ಕರೆಂಟನ್ನು ನೀವೇ ಹೊತ್ತೊಯ್ಯಬೇಕು, ಇಲ್ಲವೇ ಬಿಸಿಲಿನಿಂದ ಮಾಡಿಕೊಳ್ಳಬೇಕು. ಇದಕ್ಕೆ ಆಫ್-ಗ್ರಿಡ್ ಎಂದು ಹೆಸರು. ಬ್ಯಾಟರಿ ಮಾರುವವರು ಇದನ್ನೇ ಸ್ವಾತಂತ್ರ್ಯ ಎನ್ನುತ್ತಾರೆ.

ಸಾಗರದ ಕಡೆಯ ಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರೆಂಟ್ ಇರೋ ಮನೆ ಬಿಟ್ಟು, ಇಲ್ಲದಿರೋ ಕಡೆಗೆ ದುಡ್ಡು ಖರ್ಚು ಮಾಡ್ಕೊಂಡು ಹೋಗ್ತಿದೀಯಲ್ಲ ಮಾರಾಯ" ಎಂದಳು. ನಕ್ಕೆ. ಆ ಮಾತು ಮಾತ್ರ ಹಾಗೇ ಉಳಿಯಿತು.

ಬ್ಯಾಟರಿಯ ವಿಷಯಕ್ಕೆ ಬರುತ್ತೇನೆ. ನಮ್ಮೆದುರು ಎರಡು ದಾರಿಗಳಿದ್ದವು. ಒಂದು, ಕಾರು, ಯುಪಿಎಸ್‌ಗಳಲ್ಲಿ ನಾವೆಲ್ಲ ಕಂಡಿರುವ ಸೀಸ-ಆಮ್ಲದ ಬ್ಯಾಟರಿ. 12 ವೋಲ್ಟಿನ, 100 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಸುಮಾರು 30 ಕೆಜಿ ತೂಗುತ್ತದೆ. ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಪದೇ ಪದೇ ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಇನ್ನೊಂದು, ಲಿಥಿಯಂ ಐರನ್ ಫಾಸ್ಫೇಟ್. ಅಷ್ಟೇ ಸಾಮರ್ಥ್ಯದ್ದು ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಅದರೊಳಗಿನ 1,280 ವ್ಯಾಟ್-ಅವರ್‌ನಲ್ಲಿ ಬಹುಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು. ಸೀಸದ್ದು ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ದಣಿದರೆ, ಇದು ಕೆಲವು ಸಾವಿರ ಸಲ ಬಾಳುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು ಎಂಬುದೊಂದು ಎಚ್ಚರಿಕೆ. ಬೆಲೆ ಮೊದಲಿಗೆ ಹೆಚ್ಚು. ಅದು ಬಾಳುವ ವರ್ಷಗಳಿಗೆ ಹಂಚಿ ನೋಡಿದರೆ ಕಡಿಮೆ.

ಲೆಕ್ಕ ಇಲ್ಲಿಗೇ ಮುಗಿಯಬೇಕಿತ್ತು. ಲಿಥಿಯಂ ಗೆದ್ದಿತ್ತು. ಆದರೆ ಈ ಎರಡೂ ಬರಿದಾಗುವ ಬಗೆಯಲ್ಲಿ ಒಂದು ವ್ಯತ್ಯಾಸವಿದೆ. ಸೀಸದ ಬ್ಯಾಟರಿ ಖಾಲಿಯಾಗುತ್ತಾ ಬಂದಂತೆ ಅದರ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ಹಳೆಯ ಬಲ್ಬು ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ. ನೀವು ಎಷ್ಟು ತೆಗೆದುಕೊಂಡಿರಿ ಎಂಬುದು ಕಣ್ಣಿಗೇ ಕಾಣುತ್ತದೆ. ಲಿಥಿಯಂ ಹಾಗಲ್ಲ. ಕೊನೆಯ ಹತ್ತು ಶೇಕಡಾದವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಕುಸಿಯುತ್ತದೆ, ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಎಲ್ಲವನ್ನೂ ಆರಿಸಿಬಿಡುತ್ತದೆ. ಮುಗಿಯುವ ಮುನ್ನ ಅದು ಸೂಚನೆ ಕೊಡುವುದಿಲ್ಲ. ಅದಕ್ಕಾಗಿಯೇ ಜನ ಪಕ್ಕದಲ್ಲಿ ಒಂದು ಮೀಟರ್ ಕೂರಿಸುತ್ತಾರೆ.

ಒಳ್ಳೆಯ ಸೌಕರ್ಯ ಎಂದು ನಾವು ಕರೆಯುವ ಎಷ್ಟೋ ವಸ್ತುಗಳ ಗುಣ ಇದೇ ಅಲ್ಲವೇ ಅನಿಸಿತು. ಎಲ್ಲಿಂದ ಬಂತು, ಎಷ್ಟು ಉಳಿದಿದೆ, ಯಾರು ಕೊಟ್ಟರು ಎಂಬುದು ನಮ್ಮ ಅರಿವಿಗೆ ಬಾರದಂತೆ ನೋಡಿಕೊಳ್ಳುವುದೇ ಅವುಗಳ ಜಾಣ್ಮೆ. ನಗರದ ಗೋಡೆಯ ಮೇಲಿನ ಸ್ವಿಚ್ಚು ಮಾಡುವುದೂ ಅದನ್ನೇ.

ಅಮ್ಮನ ಮಾತು ನನ್ನನ್ನು ಬಿಡದಿರಲು ಕಾರಣ ಇಲ್ಲಿದೆ. ನಮ್ಮದು ಮುಳುಗಡೆಯ ಮನೆತನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಅಜ್ಜನ ಗದ್ದೆ, ತೋಟ, ಮನೆ ನೀರಿನಡಿಗೆ ಹೋದವು. ಅಮ್ಮನಿಗೆ ಆಗ ಆರು ವರ್ಷ. ಲಾರಿಯಲ್ಲಿ ಸಾಮಾನು ತುಂಬಿಕೊಂಡು ಕಾಡಿನ ನಡುವಿನ ಹೊಸ ಜಾಗಕ್ಕೆ ಬಂದದ್ದು ಅವಳಿಗೆ ಈಗಲೂ ನೆನಪಿದೆ. ಆ ನೀರಿನಿಂದ ಶರಾವತಿ ವಿದ್ಯುದಾಗಾರ ಬೆಳೆಯುತ್ತಾ ಹೋಗಿ 1,035 ಮೆಗಾವ್ಯಾಟ್ ಮುಟ್ಟಿತು. ಬೆಂಗಳೂರಿನ ಕಾರ್ಖಾನೆಗಳು, ಬೀದಿಗಳು ಬೆಳಗಿದವು. ಅಮ್ಮ ಮಾತ್ರ ಮದುವೆಯಾಗಿ ಹೋಗುವವರೆಗೂ ಆ ಹೊಸ ಮನೆಯಲ್ಲಿ ಬುಡ್ಡಿ ದೀಪದ ಮುಂದೆಯೇ ಕೂತು ಓದಿದ್ದು. ಬೆಳಕಿಗಾಗಿ ಊರು ಬಿಟ್ಟವರ ಮನೆಗೆ ಬೆಳಕು ಎಲ್ಲರಿಗಿಂತ ಕೊನೆಗೆ ಬಂತು. ಅಜ್ಜ ಆಫ್-ಗ್ರಿಡ್ ಇದ್ದ. ಅದನ್ನು ಅವನು ಸ್ವಾತಂತ್ರ್ಯ ಎಂದು ಕರೆದದ್ದನ್ನು ಯಾರೂ ಕೇಳಿಲ್ಲ.

ಹಾಗಾದರೆ ಮರುಭೂಮಿಯಲ್ಲಿ ನನ್ನ ದೀಪ ಉರಿಯಲು ಯಾರ ಊರು ಮುಳುಗುತ್ತದೆ? ಇದು ನನಗೆ ಬರಿಯ ಅಲಂಕಾರದ ಪ್ರಶ್ನೆಯಾಗಿರಲಿಲ್ಲ. ಹುಡುಕುತ್ತಾ ಹೋದೆ.

ಒಂದು ಸಮಾಧಾನ ಮೊದಲೇ ಸಿಕ್ಕಿತು. ಮೊಬೈಲ್ ಫೋನುಗಳ ಬ್ಯಾಟರಿಗಳಲ್ಲಿ ಕೋಬಾಲ್ಟ್ ಇರುತ್ತದೆ. ಜಗತ್ತಿನ ಕೋಬಾಲ್ಟ್‌ನ ಬಹುಪಾಲು ಕಾಂಗೋದಿಂದ ಬರುತ್ತದೆ, ಅಲ್ಲಿನ ಗುಂಡಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಐರನ್ ಫಾಸ್ಫೇಟ್ ಬಗೆಯಲ್ಲಿ ಕೋಬಾಲ್ಟ್ ಇಲ್ಲ, ನಿಕಲ್ ಇಲ್ಲ. ಬೆಂಕಿ ಹತ್ತುವ ಭಯವೂ ಕಡಿಮೆ. ಈ ವಸ್ತುವನ್ನು ಜಗತ್ತಿಗೆ ಪರಿಚಯಿಸಿದ 1997ರ ಪ್ರಬಂಧದ ಮೇಲೆ ಮೂವರ ಹೆಸರಿದೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಕೊನೆಯವರಿಗೆ 2019ರಲ್ಲಿ, 97ನೆಯ ವಯಸ್ಸಿನಲ್ಲಿ ನೊಬೆಲ್ ಬಂತು. ನಡುವಿನ ಹೆಸರನ್ನು ಕಂಡಾಗ ದೂರದ ಊರಿನಲ್ಲಿ ಯಾರೋ ಹಿಂದಿನಿಂದ ಕನ್ನಡದಲ್ಲಿ ಕರೆದಂತಾಯಿತು.

ಆದರೂ ಲಿಥಿಯಂ ಎಲ್ಲಿಂದಲಾದರೂ ಬರಲೇಬೇಕು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ವಿಶಾಲವಾದ ಕೊಳಗಳಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟು, ಆವಿಯಾಗಿ ಉಳಿದದ್ದರಿಂದ ಅದನ್ನು ತೆಗೆಯುತ್ತಾರೆ. ಮಳೆಯೇ ಇಲ್ಲದ ಆ ನಾಡಿನ ಮೂಲನಿವಾಸಿಗಳು ನಮ್ಮ ನೀರು ಹೋಗುತ್ತಿದೆ ಎನ್ನುತ್ತಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ಅರಿಜೋನಾದ ಪಕ್ಕದ ನೆವಾಡಾದಲ್ಲಿ ಥ್ಯಾಕರ್ ಪಾಸ್ ಎಂಬಲ್ಲಿ 2023ರಲ್ಲಿ ದೊಡ್ಡ ಲಿಥಿಯಂ ಗಣಿಯ ಕೆಲಸ ಶುರುವಾಯಿತು. ಅದು ತಮ್ಮ ಹಿರಿಯರನ್ನು ಸೈನಿಕರು ಕೊಂದ ನೆಲ, ತಮಗೆ ಪವಿತ್ರ ಎಂದು ಪಯೂಟ್ ಮತ್ತು ಶೊಶೋನಿ ಜನ ನ್ಯಾಯಾಲಯಕ್ಕೆ ಹೋದರು. ಗಣಿಯನ್ನು ತಡೆಯಲಾಗಲಿಲ್ಲ. ದೇಶಕ್ಕೆ ಬೇಕು, ಭೂಮಿಯ ಭವಿಷ್ಯಕ್ಕೆ ಬೇಕು ಎಂಬುದು ಅವರಿಗೆ ಸಿಕ್ಕ ಉತ್ತರ. ಅಜ್ಜನಿಗೆ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲೂ 1,600 ಟನ್‌ನಷ್ಟು ಲಿಥಿಯಂ ಇರುವ ಅಂದಾಜಿದೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಈ ಪ್ರಶ್ನೆ ಒಂದು ದಿನ ಕನ್ನಡದಲ್ಲೇ ನಮ್ಮ ಬಾಗಿಲಿಗೆ ಬರಬಹುದು.

ನಾವು ಕೊಳ್ಳಲಿದ್ದ ಬ್ಯಾಟರಿಯಲ್ಲಿ ಎಷ್ಟು ಲಿಥಿಯಂ ಇದೆ ಎಂದು ರಸಾಯನಶಾಸ್ತ್ರದ ಹಳೆಯ ಪಾಠ ನೆನಪಿಸಿಕೊಂಡು ಲೆಕ್ಕ ಹಾಕಿದೆ. 100 ಆಂಪಿಯರ್-ಅವರ್‌ನ ನಾಲ್ಕು ಕೋಶಗಳಿಗೆ 100 ಗ್ರಾಂಗಿಂತ ಸ್ವಲ್ಪ ಹೆಚ್ಚು. ಒಂದು ಹಿಡಿ ಅವಲಕ್ಕಿಯಷ್ಟು ತೂಕ.

ಗೆಳೆಯನಿಗೆ ಇದನ್ನೆಲ್ಲ ಹೇಳಿದಾಗ ಅವನು ಕೇಳಿದ ಪ್ರಶ್ನೆ ನೇರವಾಗಿತ್ತು. "ಸರಿ, ಕೊಳ್ಳೋದು ಬೇಡ. ಅದರಿಂದ ಯಾರ ನೆಲ ವಾಪಸ್ ಬರುತ್ತೆ? ಸೀಸ ಏನು ಅಮೃತವೇ? ಡೀಸೆಲ್ ಜನರೇಟರ್ ತಗೊಂಡು ಹೋಗೋಣವೇ?" ಅವನು ಹೇಳಿದ್ದು ನಿಜ. ಸೀಸ ವಿಷ. ಅಮೆರಿಕದಲ್ಲಿ ಹಳೆಯ ಸೀಸದ ಬ್ಯಾಟರಿಗಳು ಬಹುತೇಕ ಎಲ್ಲವೂ ಮರುಬಳಕೆಯಾಗುತ್ತವೆ ಎಂಬುದು ಅದರ ಪರವಾದ ಮಾತು. ಆದರೆ ನಮ್ಮ ದೇಶದಲ್ಲಿ ಹಿತ್ತಿಲ ಕುಲುಮೆಗಳಲ್ಲಿ ಅವನ್ನು ಕರಗಿಸುವವರ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ. ಕೈಗೆ ಏನೂ ಅಂಟಿಕೊಳ್ಳದ ಬ್ಯಾಟರಿ ಅಂಗಡಿಯಲ್ಲಿಲ್ಲ.

ಇಂಥ ಕಡೆ ಮನಸ್ಸು ಎರಡು ಸುಲಭದ ದಾರಿ ಹುಡುಕುತ್ತದೆ. ಎಲ್ಲವೂ ಕೊಳಕೇ ಆದ್ದರಿಂದ ಯಾವುದಾದರೇನು ಎನ್ನುವುದು ಒಂದು. ಪಾಪಪ್ರಜ್ಞೆ ಪಟ್ಟುಕೊಂಡೇ ಕೊಂಡು, ಪಟ್ಟದ್ದರಿಂದಲೇ ನಾನು ಒಳ್ಳೆಯವನೆಂದು ನಂಬುವುದು ಇನ್ನೊಂದು. ಎರಡರಲ್ಲೂ ಕೊಟ್ಟವನಿಗೆ ಏನೂ ದಕ್ಕುವುದಿಲ್ಲ.

ಥೋರೋ ನೆನಪಾದ. 1845ರಲ್ಲಿ ವಾಲ್ಡನ್ ಕೊಳದ ಬಳಿ ತನ್ನ ಕೈಯಾರೆ ಮನೆ ಕಟ್ಟಿಕೊಂಡು ಸರಳವಾಗಿ ಬದುಕಲು ಹೊರಟವನು. ಸ್ವಾವಲಂಬನೆಯ ಮಾತು ಬಂದಾಗಲೆಲ್ಲ ಇಲ್ಲಿನವರು ಅವನ ಹೆಸರು ಹೇಳುತ್ತಾರೆ. ಆದರೆ ಅವನು ಮೊದಲು ಮಾಡಿದ ಕೆಲಸ ಕೊಡಲಿಯೊಂದನ್ನು ಕಡ ತಂದದ್ದು. ನೆಲ ಗೆಳೆಯ ಎಮರ್ಸನ್‌ನದು. ಇದನ್ನು ಹೇಳಿ ಅವನನ್ನು ಗೇಲಿ ಮಾಡುವವರಿದ್ದಾರೆ. ನನಗೆ ಅವನು ಇಷ್ಟವಾಗುವುದು ಆ ಕೊಡಲಿಯಿಂದಲೇ. ಕಡ ತಂದೆ ಎಂಬುದನ್ನು ಅವನು ಮುಚ್ಚಿಡಲಿಲ್ಲ. ಅದನ್ನು ತಂದಾಗ ಇದ್ದುದಕ್ಕಿಂತ ಹರಿತ ಮಾಡಿ ಹಿಂದಿರುಗಿಸಿದೆ ಎಂದೂ ಬರೆದ. ಯಾರ ಹಂಗೂ ಇಲ್ಲದ ಬದುಕು ಎಂಬುದಿಲ್ಲ. ಯಾರ ಹಂಗಿನಲ್ಲಿದ್ದೇನೆ, ಎಷ್ಟು, ಹೇಗೆ ತೀರಿಸುತ್ತೇನೆ ಎಂದು ಬಲ್ಲ ಬದುಕು ಇರಬಹುದು.

ಆಗ ನಮಗೆ ಹೊಳೆದದ್ದು, ಪ್ರಶ್ನೆಗಳ ಸರದಿಯನ್ನೇ ನಾವು ತಪ್ಪಿದ್ದೆವು ಎಂಬುದು. ಯಾವ ಬ್ಯಾಟರಿ ಎಂದು ಮೊದಲು ಕೇಳಿದ್ದೆವು. ಎಷ್ಟು ಎಂದು ಕೇಳಿರಲಿಲ್ಲ. ಮೊದಲ ಪಟ್ಟಿಯಲ್ಲಿ ಕಾಫಿ ಮೆಷೀನು, ಮೈಕ್ರೋವೇವ್, ಹೇರ್ ಡ್ರೈಯರ್, ಟೀವಿ ಎಲ್ಲ ಇದ್ದವು. ಅದಕ್ಕೆ 400 ಆಂಪಿಯರ್-ಅವರ್ ಬೇಕಿತ್ತು. ಒಂದೊಂದಾಗಿ ಹೊಡೆದುಹಾಕುತ್ತಾ ಹೋದೆವು. ಕಾಫಿಯನ್ನು ಒಲೆಯ ಮೇಲೆ ಮಾಡಬಹುದು. ಟೀವಿ ನೋಡುವುದಾದರೆ ಮರುಭೂಮಿಗೇಕೆ? ಕೊನೆಗೆ ಉಳಿದದ್ದು ದಿನಕ್ಕೆ ಅರ್ಧ ಯೂನಿಟ್‌ನಷ್ಟು ತಿನ್ನುವ ಫ್ರಿಜ್ಜು, ದೀಪಗಳು, ಫೋನು, ನೀರಿನ ಪಂಪು. ಒಂದು 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಮೇಲ್ಛಾವಣಿಗೆ 200 ವ್ಯಾಟಿನ ಸೌರ ಫಲಕ, ಮತ್ತೊಂದು ಮೀಟರ್ ಕೊಂಡೆವು. ಮೂರು ನೂರು ಗ್ರಾಂ ಉಳಿಸಿದೆ ಎಂದು ಮನಸ್ಸಿನಲ್ಲೇ ಬೀಗಿದೆ.

ಆ ಬೀಗುವಿಕೆ ಐದು ದಿನ ಬಾಳಿತು.

ಲಾ ಪೋಸಾದಲ್ಲಿ ನಮ್ಮ ಪಕ್ಕದ ಹಳೆಯ ವ್ಯಾನಿನಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದರು. ವಿಹಾರಕ್ಕೆ ಬಂದವರಲ್ಲ. ಪಿಂಚಣಿಯಲ್ಲಿ ಮನೆ ಬಾಡಿಗೆ ಕಟ್ಟಲಾಗದೆ ವರ್ಷವಿಡೀ ವ್ಯಾನಿನಲ್ಲೇ ಇರುವವರು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ರಾತ್ರಿ ಮೂಗಿಗೆ ಗಾಳಿ ಒತ್ತುವ ಯಂತ್ರ ಹಾಕಿಕೊಳ್ಳುತ್ತಿದ್ದರು. ಅವರ ಸೀಸದ ಬ್ಯಾಟರಿ ಹಳತಾಗಿ, ಬೆಳಗಿನ ಜಾವ ಮೂರಕ್ಕೆಲ್ಲ ಯಂತ್ರ ನಿಲ್ಲುತ್ತಿತ್ತು. ಐದನೆಯ ದಿನ ತುಂಬಾ ಹಿಂಜರಿಯುತ್ತಾ, ರಾತ್ರಿ ಒಂದು ವಯರು ಎಳೆದುಕೊಳ್ಳಬಹುದೇ ಎಂದು ಕೇಳಿದರು. ಒಂದು ರಾತ್ರಿಗೆ ಸುಮಾರು 300 ವ್ಯಾಟ್-ಅವರ್ ಬೇಕು. ಕೊಟ್ಟೆವು.

ಮರುದಿನದಿಂದ ಮೋಡ. ಎರಡು ದಿನ ಫಲಕದಿಂದ ಬಂದದ್ದು ಲೆಕ್ಕಕ್ಕೇ ಇಲ್ಲ. ಎರಡನೆಯ ಸಂಜೆ ಮೀಟರ್ 38 ಎಂದಿತು. ಫ್ರಿಜ್ಜೂ ಯಂತ್ರವೂ ಬೆಳಗಿನವರೆಗೆ ಜೊತೆಯಾಗಿ ನಡೆದರೆ ಬ್ಯಾಟರಿ ಪೂರ್ತಿ ಬರಿದಾಗುತ್ತಿತ್ತು. ಅದು ಹೇಳದೆ ಆರುವ ಬ್ಯಾಟರಿ, ಆರುವ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಾರೆ. ಗೆಳೆಯ ಎದ್ದು ಫ್ರಿಜ್ಜು ಆರಿಸಿದ. ಅದರೊಳಗೆ ಒಂದು ಡಬ್ಬಿ ದೋಸೆ ಹಿಟ್ಟಿತ್ತು, ಹಾಲಿತ್ತು. "ನಾನೂರು ಇದ್ದಿದ್ದರೆ ಇದು ಆರಿಸಬೇಕಿರಲಿಲ್ಲ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಈಗಲೂ ಪೂರ್ತಿ ಉತ್ತರವಿಲ್ಲ. ಎಷ್ಟು ಸಾಕು ಎಂಬುದನ್ನು ನನ್ನ ಅಗತ್ಯದ ಪಟ್ಟಿಯೊಂದೇ ತೀರ್ಮಾನಿಸುತ್ತದೆ ಎಂದುಕೊಂಡಿದ್ದೆ. ಪಕ್ಕದವರ ಉಸಿರಿಗೆ ಅದರಲ್ಲಿ ಜಾಗವಿರಲಿಲ್ಲ. ಇನ್ನೂ ಚಿಕ್ಕ ಬ್ಯಾಟರಿ ಕೊಂಡು ಇನ್ನೂ ಹೆಚ್ಚು ಬೀಗಿದ್ದರೆ ಅವರಿಗೆ ಇಲ್ಲ ಎನ್ನಬೇಕಾಗುತ್ತಿತ್ತು. ಮಿತವ್ಯಯವೂ ಒಂದು ಬಗೆಯ ಸ್ವಾರ್ಥವಾಗಬಲ್ಲದು. ಆದರೆ ಎಲ್ಲರ ನೆಪ ಹೇಳಿ ದೊಡ್ಡದನ್ನೇ ಕೊಂಡಿದ್ದರೆ ಅದು ಕಾಫಿ ಮೆಷೀನಿಗೇ ಹೋಗುತ್ತಿತ್ತೇನೋ. ಶರಾವತಿಯ ವಿಷಯದಲ್ಲಿ ಆದದ್ದೂ ಹಾಗೆಯೇ ಎಂದು ನನಗನಿಸುತ್ತದೆ. ನಾಡಿಗೆ ಬೆಳಕು ಬೇಡವಾಗಿತ್ತು ಎಂದು ಅಜ್ಜ ಕೂಡ ಹೇಳುತ್ತಿರಲಿಲ್ಲ. ಬಂದ ಬೆಳಕನ್ನು ಹಂಚುವಾಗ, ಅದಕ್ಕೆ ನೆಲ ಕೊಟ್ಟವರು ಯಾರ ಪಟ್ಟಿಯಲ್ಲೂ ಇರಲಿಲ್ಲ ಎಂಬುದು ಅವನ ದುಃಖವಾಗಿತ್ತು.

ಥೋರೋನಂತೆ ಈ ನೂರು ಗ್ರಾಂ ಕೊಡಲಿಯನ್ನು ಹರಿತ ಮಾಡಿ ಹಿಂದಿರುಗಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಸದ್ಯಕ್ಕೆ ಮಾಡಬಲ್ಲದ್ದು ಇಷ್ಟು: ಅದನ್ನು ಅದರ ಪೂರ್ತಿ ಆಯಸ್ಸು ಬಾಳಿಸುವುದು, ಸತ್ತ ಮೇಲೆ ಕಸಕ್ಕೆ ಎಸೆಯದೆ ಮರುಬಳಕೆ ಮಾಡುವವರ ಕೈಗೆ ಮುಟ್ಟಿಸುವುದು, ಕೇಳಿದವರಿಗೆ ವಯರು ಕೊಡುವುದು. ಮೀಟರಿನ ಪಕ್ಕ ಒಂದು ಚೀಟಿ ಅಂಟಿಸಿ ಅಟಕಾಮಾ, ಥ್ಯಾಕರ್ ಪಾಸ್, ಲಿಂಗನಮಕ್ಕಿ ಎಂದು ಮೂರು ಹೆಸರು ಬರೆದಿದ್ದೇನೆ.

ಮೋಡ ಸರಿದ ದಿನ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಲಿಥಿಯಂ ವಿಷಯಕ್ಕೆ ಅವಳು ಹೂಂ ಎಂದಳು. ಪಕ್ಕದವರ ಯಂತ್ರದ ಮಾತು ಬಂದಾಗ, "ಅವರಿಗೆ ರಾತ್ರಿ ನಿದ್ದೆ ಬಂತಾ?" ಎಂದು ಕೇಳಿದಳು. ಬಂತು ಎಂದೆ. "ಹಿಟ್ಟು?"

ಹುಳಿಯಾಗಿತ್ತು. ಮೂವರೂ ಕೂತು ದೋಸೆ ಹೊಯ್ದುಕೊಂಡು ತಿಂದೆವು ಎಂದೆ.